ತಾಯಿನುಡಿಯ ಕಾಲಂ

1991ರ ಫೆಬ್ರವರಿಯಲ್ಲಿ ನಾನು ಜನಗಣತಿಯ ಕೆಲಸಕ್ಕೆ ಹೋಗಿದ್ದೆ. ಬಯಸಿ ಹೋದದ್ದೇನೂ ಅಲ್ಲ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವವರಿಗೆ ಚುನಾವಣೆ, ಗಣತಿ, ಪಡಿತರ ಚೀಟಿ ಇವೆಲ್ಲ ಸಂಬಳದ ಜೊತೆಗೇ ಬರುವ ಬಾಬತ್ತುಗಳು. ತರಬೇತಿಯ ದಿನ ಒಂದು ಕೈಪಿಡಿ ಕೊಟ್ಟರು. ಮನೆಗೆ ತಂದು, ರಾತ್ರಿ ಭಾಂಡಿಯೆಲ್ಲ ಬೆಳಗಿಟ್ಟ ಮೇಲೆ, ಅಡಿಗೆಮನೆಯ ಮಣೆಯ ಮೇಲೆ ಕುಳಿತು ಓದತೊಡಗಿದೆ. ವಯಸ್ಸು, ಲಗ್ನ, ಅಕ್ಷರ, ಉದ್ಯೋಗ, ಎಲ್ಲದಕ್ಕೂ ಹೀಗೆ ಕೇಳಬೇಕು, ಹೀಗೆ ಬರೆಯಬೇಕು ಎಂದು ವಿವರವಿತ್ತು. ಮಾತೃಭಾಷೆಯ ಕಾಲಮ್ಮಿಗೆ ಬಂದಾಗ ಒಂದು ಗಳಿಗೆ ನಿಂತೆ.

ಮಾತೃಭಾಷೆ ಎಂದರೆ ಒಬ್ಬ ವ್ಯಕ್ತಿಯ ಜೊತೆ ಬಾಲ್ಯದಲ್ಲಿ ಅವನ ತಾಯಿ ಆಡಿದ ಭಾಷೆ ಎಂದು ಅದರಲ್ಲಿತ್ತು. ತಾಯಿ ಕೂಸಿದ್ದಾಗಲೇ ತೀರಿಕೊಂಡಿದ್ದರೆ, ಆಗ ಮನೆಯಲ್ಲಿ ಆಡುತ್ತಿದ್ದ ಭಾಷೆ. ಇಷ್ಟೇ. ತಂದೆಯ ಮಾತಿಲ್ಲ, ಶಾಲೆಯ ಮಾತಿಲ್ಲ, ಯಾವ ರಾಜ್ಯದಲ್ಲಿದ್ದೀರಿ ಎಂಬ ಮಾತಿಲ್ಲ, ಮನೆಯ ಮೇಲೆ ಯಾವ ಬಣ್ಣದ ಬಾವುಟ ಎಂಬ ಮಾತಂತೂ ಇಲ್ಲವೇ ಇಲ್ಲ. ಬೆಳಗಾವಿಯಂಥ ಊರಿನಲ್ಲಿ ಈ ನಾಲ್ಕು ಸಾಲನ್ನು ಓದಿ ಸುಮ್ಮನೆ ಪುಟ ತಿರುಗಿಸುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಸಂಸಾರ ಮಾಡಿದವರಿಗೆ ಗೊತ್ತು.

ನಾನು ನನ್ನ ತಾಯಿಯನ್ನು ಆಯಿ ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಕನ್ನಡದವರೂ ಹಾಗೆ ಕರೆಯುತ್ತಾರೆ, ಆದ್ದರಿಂದ ಆ ಒಂದು ಶಬ್ದದಿಂದ ಏನೂ ತಿಳಿಯುವುದಿಲ್ಲ. ಆದರೆ ನನ್ನ ಆಯಿ ನಿಜಕ್ಕೂ ಮರಾಠಿಯವಳು. ಶಹಾಪುರದವಳು. ಈಗ ಶಹಾಪುರವೆಂದರೆ ಬೆಳಗಾವಿಯ ಒಂದು ಭಾಗ, ಕಪಿಲೇಶ್ವರ ಗುಡಿ ದಾಟಿ ನಡೆದರೆ ಬಂದೇಬಿಡುತ್ತದೆ. ಆಕೆ ಹುಟ್ಟಿದಾಗ ಅದು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೆಳಗಾವಿ ಇಂಗ್ರಜರದು, ಮುಂಬಯಿ ಪ್ರಾಂತ. "ನಾನು ಸಂಸ್ಥಾನದಾಕಿ, ನಿಮ್ಮಪ್ಪ ಕಂಪನಿ ಸರಕಾರದಾಂವ" ಎಂದು ನಗುತ್ತಿದ್ದಳು. ನಮ್ಮಪ್ಪ ಬೈಲಹೊಂಗಲದ ಕಡೆಯವರು, ಕನ್ನಡದವರು, ಊರಲ್ಲಿ ಗುಮಾಸ್ತರು. ಆಗೆಲ್ಲ ನಮ್ಮ ಜನದಲ್ಲಿ ಹೆಣ್ಣು ಕೊಟ್ಟು ತರುವಾಗ ಗೋತ್ರ ಕೇಳುತ್ತಿದ್ದರು, ಭಾಷೆ ಕೇಳುತ್ತಿರಲಿಲ್ಲ. ಸೊಸೆ ಬಂದ ಮೇಲೆ ಕಲಿತುಕೊಳ್ಳುತ್ತಾಳೆ, ಇದೇನು ಕಲಿಯಲಿಕ್ಕಾಗದ ವಿದ್ಯೆಯೇ ಎಂಬ ಭಾವನೆ. ಕಲಿಯಬೇಕಾದವಳು ಸೊಸೆಯೇ ಎಂಬುದೂ ಅದರಲ್ಲಿ ಬಂತೆನ್ನಿ.

ಲಗ್ನವಾದ ಹೊಸದರಲ್ಲಿ ಅಪ್ಪ ಶಹಾಪುರದಲ್ಲೇ, ಆಯಿಯ ತವರಿನ ಗಲ್ಲಿಯಲ್ಲೇ ಬಾಡಿಗೆಗೆ ಇದ್ದರು. ಓಣಿಯೆಲ್ಲ ಮರಾಠಿ. ಕಚೇರಿಯಲ್ಲೂ ಮುಂಬಯಿ ಸರಕಾರದ ಕಾಲದ ಮರಾಠಿ. ಅಪ್ಪನಿಗೆ ಎರಡೂ ಸಮ. ಹೀಗಾಗಿ ನಾನು ಹುಟ್ಟಿ ಐದು ವರ್ಷವಾಗುವವರೆಗೆ ಆಯಿಗೆ ಕನ್ನಡ ಕಲಿಯುವ ಪ್ರಸಂಗವೇ ಬರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಹಳ್ಳಿಯಿಂದ ನಮ್ಮಲ್ಲಿಗೆ ಬಂದರು. ಅಲ್ಲಿಂದ ಆಯಿಯ ಕನ್ನಡ ಶಾಲೆ ಸುರುವಾಯಿತು. ಒಲೆಯ ಮುಂದಿನ ಶಾಲೆ. ತೂಪ ಎಂದರೆ ತುಪ್ಪ, ಇದು ಸುಲಭ. ಅಡಕಿತ್ತಾ ಎಂದರೆ ಅಡಕತ್ತರಿ, ಇದೂ ಸುಲಭ. ಕ್ರಿಯಾಪದಗಳು ಮಾತ್ರ ಆಕೆಗೆ ಕೊನೆಯವರೆಗೂ ಸರಿಯಾಗಿ ಕೂಡಲಿಲ್ಲ. "ನೀನು ಬಂದಳು ಏನು?" ಎಂದು ನನ್ನನ್ನು ಕೇಳುತ್ತಿದ್ದಳು. ಅಜ್ಜಿ ಬಿದ್ದು ಬಿದ್ದು ನಗುತ್ತಿದ್ದರು. ಆಯಿಯೂ ನಗುತ್ತಿದ್ದಳು. ಅದರಲ್ಲಿ ಅವಮಾನವಿತ್ತೆಂದು ನನಗೆ ಆಗ ಅನ್ನಿಸಿರಲಿಲ್ಲ, ಈಗಲೂ ಖಾತ್ರಿಯಿಲ್ಲ.

ಅಜ್ಜಿ ಬಂದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ತಾಲೂಕು ಮಾತ್ರ ಅತ್ತ ಉಳಿಯಿತು. ಅಪ್ಪ ನನ್ನನ್ನು ಕನ್ನಡ ಶಾಲೆಗೆ ಹಾಕಿದರು. ಆಯಿಯ ಅಣ್ಣ, ಅಂದರೆ ನನ್ನ ಸೋದರಮಾವ, ಇದರಿಂದ ಸಿಟ್ಟಾಗಿ ಆರು ತಿಂಗಳು ನಮ್ಮ ಮನೆಯ ಕಟ್ಟೆ ಹತ್ತಲಿಲ್ಲ. ಮಾವ ಏಕೀಕರಣ ಸಮಿತಿಯ ಮನುಷ್ಯ, ಅಂದರೆ ಮಹಾರಾಷ್ಟ್ರದ ಏಕೀಕರಣ. (ನಮ್ಮೂರಲ್ಲಿ ಏಕೀಕರಣ ಎಂಬ ಶಬ್ದವನ್ನೂ ಯಾವುದರದು ಎಂದು ಕೇಳಿಯೇ ತಿಳಿದುಕೊಳ್ಳಬೇಕು.) ಆತನ ಬಾಯಲ್ಲಿ 1951ರ ಗಣತಿಯ ಅಂಕಿಗಳು ವಿಷ್ಣುಸಹಸ್ರನಾಮದಂತೆ ಸರಸರ ಬರುತ್ತಿದ್ದವು. ಹಳ್ಳಿಯನ್ನೇ ಘಟಕವೆಂದು ಹಿಡಿಯಬೇಕು, ಯಾವ ಭಾಷೆಯವರು ಹೆಚ್ಚೋ ಆ ಹಳ್ಳಿ ಅವರದು, ಎಂದು ಆತನ ವಾದ. ಜಿಲ್ಲೆ, ತಾಲೂಕು ನೋಡಬೇಕೇ ಹೊರತು ಮನೆ ಮನೆ ಕಿತ್ತು ಹಂಚಲಿಕ್ಕೆ ಬರುತ್ತದೆಯೇ ಎಂದು ಅಪ್ಪನ ವಾದ. ಇಬ್ಬರೂ ಆಯಿ ಬಡಿಸಿದ ಒಂದೇ ಪಿಠಲೆ ರೊಟ್ಟಿ ತಿನ್ನುತ್ತ ವಾದಿಸುತ್ತಿದ್ದರು. ಆಯಿಯನ್ನು ಮಾತ್ರ ಯಾರೂ ಕೇಳಲಿಲ್ಲ, ನಿನ್ನ ಘಟಕ ಯಾವುದು ಎಂದು.

ನವೆಂಬರ್ 1 ಬಂದರೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ದೃಶ್ಯ. ಬೆಳಿಗ್ಗೆ ಅಪ್ಪ ಜಳಕ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಾಜ್ಯೋತ್ಸವಕ್ಕೆ ಹೋಗುವರು. ಮಾವ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕರಾಳ ದಿನದ ಮೆರವಣಿಗೆಗೆ ಹೋಗುವರು. ಸಂಜೆ ಇಬ್ಬರೂ ಬಿಸಿಲಿಗೆ ಬಾಡಿ ನಮ್ಮ ಪಡಸಾಲೆಯಲ್ಲಿ ಬಂದು ಕೂಡುವರು. ಆಯಿ ಚಹಾ ಕೊಡುವಳು. ಒಂದು ವರ್ಷ ಮಾವನ ತೋಳಿನ ಪಟ್ಟಿ ಹೊಲಿಗೆ ಬಿಟ್ಟಿತ್ತು. ಆಯಿ ಸೂಜಿ ದಾರ ತಂದು, "ಕೈ ಚಾಚು" ಎಂದು, ಅಪ್ಪನ ಎದುರೇ ಹೊಲಿದು ಕೊಟ್ಟಳು. ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

1967ರಲ್ಲಿ ಮಹಾಜನ ಆಯೋಗದ ವರದಿ ಬಂತು. ಬೆಳಗಾವಿ ಮೈಸೂರಿಗೇ ಇರಲಿ ಎಂದು ಅದರಲ್ಲಿ ಬರೆದಿತ್ತು. ನಿಪ್ಪಾಣಿ, ಖಾನಾಪುರ, ನಂದಗಡ ಮೊದಲಾಗಿ 264 ಊರುಗಳು ಮಹಾರಾಷ್ಟ್ರಕ್ಕೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಮೊದಲಾಗಿ 247 ಊರುಗಳು ನಮಗೆ. ಆ ಕಡೆ ಕೇರಳದ ಕಾಸರಗೋಡೂ ನಮಗೆ. ನಾವು ಜಾರಿಯಾಗಲಿ ಎಂದೆವು, ಅವರು ಒಲ್ಲೆವೆಂದರು, ಕಾಗದ ಕಾಗದವಾಗಿಯೇ ಉಳಿಯಿತು. ನನ್ನ ಮಾವಶಿ ನಿಪ್ಪಾಣಿಯ ಸೊಸೆ. ತಂಬಾಕಿನ ವ್ಯಾಪಾರದವರ ಮನೆ. "ವರದಿಯಲ್ಲಿ ನಾನು ಮಹಾರಾಷ್ಟ್ರದಾಕಿ, ಬಸ್ಸು ಹತ್ತಿದರೆ ಕರ್ನಾಟಕದಾಕಿ" ಎಂದು ಆಕೆ ಹೇಳುತ್ತಿದ್ದಳು. ಅವಳ ಮನೆದೇವರು ಸವದತ್ತಿಯ ಎಲ್ಲಮ್ಮ. ಬೈಲಹೊಂಗಲದ ನಮ್ಮ ಅಜ್ಜಿಯ ಮನೆದೇವರು ತುಳಜಾಪುರದ ಭವಾನಿ. ಯಾವ ಆಯೋಗ ಇದನ್ನು ಬಗೆಹರಿಸೀತು ಹೇಳಿ!

ಇಷ್ಟೆಲ್ಲ ಬರೆದರೆ, ನೋಡಿ ಎಷ್ಟು ಚೆಂದ ಕೂಡಿ ಇದ್ದರು ಎಂದು ನೀವು ಅಂದುಕೊಳ್ಳಬಹುದು. ಇಂಥ ಮಾತು ಭಾಷಣಗಳಲ್ಲಿ ಬಹಳ ಬರುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ, ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರಪ್ಪ ದೇವಾಸದಲ್ಲಿ ಕುಮಾರ ಗಂಧರ್ವ, ಮರಾಠಿಯ ದೊಡ್ಡ ಕವಯಿತ್ರಿ ಇಂದಿರಾ ಸಂತ ಬಾಳಿದ್ದು ನಮ್ಮ ಬೆಳಗಾವಿಯಲ್ಲಿ. ಎಲ್ಲ ಖರೆ. ನನ್ನ ಯಜಮಾನರು ನನಗೆ ಸಮಾಧಾನ ಹೇಳಬೇಕಾದಾಗಲೆಲ್ಲ ಬೇಂದ್ರೆಯವರನ್ನು ಕರೆದು ತರುತ್ತಾರೆ. ಆದರೆ ದೊಡ್ಡವರ ಬದುಕಿನಲ್ಲಿ ಸಂಗಮವೆನಿಸಿಕೊಳ್ಳುವುದು ನಮ್ಮಂಥವರ ಮನೆಯಲ್ಲಿ ಎಷ್ಟೋ ಸಲ ಬರಿಯ ಸಂಕಟ.

1986ರ ಜೂನ್. ಕನ್ನಡ ಕಡ್ಡಾಯದ ವಿರುದ್ಧ ಗಡಿಯಲ್ಲಿ ಚಳವಳಿ ಎದ್ದಿತ್ತು. ಬೆಳಗಾವಿ ಹೊತ್ತಿಕೊಂಡಿತು, ಗೋಲೀಬಾರಾಯಿತು, ಜನ ಸತ್ತರು. ಕರ್ಫ್ಯೂ ಸಡಿಲಿಸಿದ ಮೇಲೆ ಒಂದು ದಿನ ಆಯಿಯನ್ನು ಡಾಕ್ಟರರ ಬಳಿ ಕರೆದುಕೊಂಡು ಹೋಗಿ ಸಿಟಿ ಬಸ್ಸಿನಲ್ಲಿ ಮರಳುತ್ತಿದ್ದೆ. ಅಪ್ಪ ತೀರಿಕೊಂಡು ಆಕೆ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಬಸ್ಸಿನಲ್ಲಿ ಎಲ್ಲರೂ ಬಿಗಿಯಾಗಿ ಕುಳಿತಿದ್ದರು. ಹಿಂದಿನ ಸೀಟಿನಲ್ಲಿ ನಾಲ್ಕು ಹುಡುಗರು, ಯಾವ ಕಡೆಯವರೋ ತಿಳಿಯದು, ಗಟ್ಟಿಯಾಗಿ ಮಾತಾಡುತ್ತಿದ್ದರು, ಕನ್ನಡದಲ್ಲಿ. ಆಯಿ ಕಿಟಕಿಯಿಂದ ಹೊರಗೆ ನೋಡಿ, ಒಡೆದ ಗಾಜಿನ ಅಂಗಡಿ ಕಂಡು, ತನ್ನ ಸಹಜವಾದ ದೊಡ್ಡ ದನಿಯಲ್ಲಿ "ಅಗ ಬಾಈ, ಕಾಯ ಹೇ!" ಎಂದು ಸುರು ಮಾಡಿದಳು. ನಾನು ಅವಳ ತೋಳು ಹಿಡಿದು ಚಿವುಟಿದೆ. ಹಿಡಿದದ್ದಲ್ಲ, ಚಿವುಟಿದ್ದು. "ಸುಮ್ಮನಿರು, ಬಾಯಿ ಮುಚ್ಚು" ಎಂದು ಕನ್ನಡದಲ್ಲಿ ಹಲ್ಲು ಕಚ್ಚಿ ಹೇಳಿದೆ, ಹಿಂದಿನವರಿಗೆ ಕೇಳಲಿ ಎಂಬಂತೆ.

ಹುಡುಗರು ನಮ್ಮ ಕಡೆ ನೋಡಲೂ ಇಲ್ಲ.

ಆಯಿ ಬಾಯಿ ಮುಚ್ಚಿದಳು. ಮನೆಗೆ ಬಂದ ಮೇಲೂ ಅದರ ಬಗ್ಗೆ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ನನ್ನ ಜೊತೆ ಹೊರಗೆ ಹೊರಟಾಗ ಆಕೆ ಮಾತಾಡುವುದನ್ನೇ ಬಿಟ್ಟಳು. ಗುಡಿಗೆ ಹೋದರೂ ಅಷ್ಟೆ, ಪೇಟೆಗೆ ಹೋದರೂ ಅಷ್ಟೆ. ಏನಾದರೂ ಬೇಕಾದರೆ ಕೈಮಾಡಿ ತೋರಿಸುವಳು. ನಾನು ಮಾತ್ರ ಗಣಪತ ಗಲ್ಲಿಯಲ್ಲಿ ಬದನೆಕಾಯಿ ಚೌಕಾಶಿ ಮಾಡುವಾಗ, ಬಳೆಗಾರನ ಹತ್ತಿರ, ಅರಿವೆ ಅಂಗಡಿಯಲ್ಲಿ, ನಾಲ್ಕಾಣೆ ಉಳಿಯಲೆಂದು ಸಲೀಸಾಗಿ ಮರಾಠಿ ಆಡುತ್ತಿದ್ದೆ. ಪಕ್ಕದಲ್ಲಿ ಆಯಿ ಚೀಲ ಹಿಡಿದು ಸುಮ್ಮನೆ ನಿಂತಿರುತ್ತಿದ್ದಳು.

ಅದಿರಲಿ. 1991ಕ್ಕೆ ಬರುತ್ತೇನೆ.

ನನಗೆ ಹಾಕಿದ್ದು ನಮ್ಮ ಓಣಿಯಲ್ಲ, ವಡಗಾವಿಯ ಕಡೆಯ ಕೆಲವು ಗಲ್ಲಿಗಳು. ನೇಕಾರರ ಮನೆಗಳು ಬಹಳ. ಒಳಗೆ ಮಗ್ಗದ ಸದ್ದು, ಹೊರಗೆ ನಾನು ಚೀಟಿ ಹಿಡಿದು ಕೂಗುವುದು. ಒಂದು ಗಲ್ಲಿಯಲ್ಲಿ ನಾನು ಹೋಗುವ ಮೊದಲೇ ಹುಡುಗರು ಮನೆಮನೆಗೆ ಹೇಳಿ ಹೋಗಿದ್ದರು, ಎಲ್ಲರೂ ಮರಾಠಿ ಎಂದೇ ಬರೆಸಬೇಕು ಎಂದು. ಇನ್ನೊಂದರಲ್ಲಿ ಬೇರೆ ಹುಡುಗರು, ಎಲ್ಲರೂ ಕನ್ನಡ ಎಂದೇ ಬರೆಸಬೇಕು ಎಂದು. ಇದಕ್ಕೆ ಕಾರಣವಿಲ್ಲದಿಲ್ಲ. ಒಂದು ಭಾಗದಲ್ಲಿ ಶೇಕಡಾ 15ರಷ್ಟು ಜನ ಒಂದು ಭಾಷೆಯವರಿದ್ದರೆ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕೆಂಬ ಒಪ್ಪಂದವಿದೆ. ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವಿರಬೇಕೆಂದು ಸಂವಿಧಾನದ 350ಎ ಕಲಮು ಹೇಳುತ್ತದೆ. ಗಡಿಯ ವಾದ ಬೇರೆ ಇದ್ದೇ ಇತ್ತು. ಹೀಗಾಗಿ ನಾನು ಬರೆಯುವ ಒಂದೊಂದು ಶಬ್ದವೂ ಮುಂದೆ ಯಾರದೋ ಕಡತದಲ್ಲಿ ಸಾಕ್ಷಿ ಹೇಳುವಂಥದು.

ಇದಕ್ಕೂ ಕೈಪಿಡಿಯಲ್ಲಿ ಉತ್ತರವಿತ್ತು. ಜನ ಸಂಘಟಿತರಾಗಿ ಸುಳ್ಳು ಬರೆಸುತ್ತಿದ್ದಾರೆಂದು ಸಂಶಯ ಬಂದರೂ ಅವರು ಹೇಳಿದ್ದನ್ನೇ ಬರೆಯಬೇಕು, ಮೇಲಿನವರಿಗೆ ವರದಿ ಮಾಡಬೇಕು, ನೀವಾಗಿ ತಿದ್ದುವಂತಿಲ್ಲ. ಮನೆಯ ಎಲ್ಲರದೂ ಒಂದೇ ಭಾಷೆಯೆಂದು ಹಿಡಿಯದೆ ಒಬ್ಬೊಬ್ಬರದೂ ಬೇರೆ ಬೇರೆ ಕೇಳಬೇಕು. ನಾನು ಹಾಗೆಯೇ ಕೇಳುತ್ತಿದ್ದೆ. ಯಜಮಾನ ಬಾಗಿಲಲ್ಲಿ ನಿಂತು "ಎಲ್ಲಾರದೂ ಅದs ಬರೀರಿ ಬಾಯಾರ" ಎನ್ನುವನು. "ನಿಮ್ಮ ಮನೆಯವರನ್ನು ಕೇಳಬೇಕಲ್ಲ" ಎಂದರೆ ಆತನಿಗೆ ಅಚ್ಚರಿ. ಒಂದು ಮನೆಯಲ್ಲಿ ಗಂಡ ಮರಾಠಿ ಎನ್ನುತ್ತಿದ್ದಾಗ ಒಳಗೆ ಹೆಂಡತಿ ಕೊಂಕಣಿಯಲ್ಲಿ ಕೂಸಿಗೆ ಬೈಯುತ್ತಿದ್ದಳು. ಇನ್ನೊಂದರಲ್ಲಿ ಗಂಡ ಕನ್ನಡ ಎಂದ, ಆಕೆಯನ್ನು ಕೇಳಿದಾಗ ನನ್ನ ಮುಖವನ್ನೇ ನೋಡಿ, "ನಿಮ್ಮದೇನ್ರಿ?" ಎಂದಳು. ನನ್ನದನ್ನು ಕೇಳಿ ಅದನ್ನೇ ಬರೆಸುವವಳಿದ್ದಳು ಎಂದು ಕಾಣುತ್ತದೆ. "ನನ್ನದಿರಲಿ, ನಿಮ್ಮ ತಾಯಿ ನಿಮ್ಮ ಜೋಡಿ ಏನು ಮಾತಾಡತಿದ್ರು?" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಲುಗು" ಎಂದಳು. ಗಂಡ ತಿರುಗಿ ನೋಡಿದ. ಅವರಿಗೆ ಮೂರು ಮಕ್ಕಳಿದ್ದರು.

ನಮ್ಮ ಓಣಿಯ ಗಣತಿಗೆ ನನ್ನ ಪರಿಚಯದ ಇನ್ನೊಬ್ಬ ಶಿಕ್ಷಕಿ ಬಂದರು. ಅವರಿಗೂ ಬಿಸಿಲಲ್ಲಿ ತಿರುಗಿ ಸಾಕಾಗಿತ್ತು. "ನೀವೇ ಹೇಳಿಬಿಡ್ರಿ, ಬರಕೋತೀನಿ" ಎಂದು ಚಹಾ ಕುಡಿಯುತ್ತ ಕುಳಿತರು. ನಾನು ಒಬ್ಬೊಬ್ಬರದೇ ಹೇಳುತ್ತ ಹೋದೆ. ಯಜಮಾನರು, ಕನ್ನಡ. ಮಗ, ಮಗಳು, ಕನ್ನಡ. ಆಯಿ, ಮರಾಠಿ. ನಾನು, ಕನ್ನಡ.

ಆಯಿ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹಿಂದಿನ ರಾತ್ರಿಗಳಲ್ಲಿ ನಾನು ಕೈಪಿಡಿಯನ್ನು ಗಟ್ಟಿಯಾಗಿ ಓದಿಕೊಂಡದ್ದು ಆಕೆಯ ಕಿವಿಗೂ ಬಿದ್ದಿತ್ತು. ತಲೆ ಎತ್ತದೆ, "ಮಗ ತುಝ್ಯಾಶೀ ಲಹಾನಪಣೀ ಕಾನಡೀ ಕೋಣ ಬೋಲತ ಹೋತಂ?" ಎಂದಳು. ಹಾಗಾದರೆ ಸಣ್ಣವಳಿದ್ದಾಗ ನಿನ್ನ ಜೊತೆ ಕನ್ನಡ ಯಾರು ಆಡುತ್ತಿದ್ದರು? ಅಷ್ಟೇ ಕೇಳಿದ್ದು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳ ಲೆಕ್ಕದಲ್ಲಿ ಒಂದು ತಪ್ಪು ಕಂಡಿತು, ತೋರಿಸಿದಳು, ಹಾಗೆ.

ಬಂದಿದ್ದ ಶಿಕ್ಷಕಿ ನಕ್ಕು ಬರೆಯುವುದನ್ನು ನಿಲ್ಲಿಸಿದರು. "ಏನು ಮಾಡಲಿ?"

ವಾರಗಟ್ಟಲೆ ಊರ ಹೆಂಗಸರಿಗೆಲ್ಲ ತಾಯಿ ಆಡಿದ್ದೇನು ಎಂದು ಕೇಳಿ ಬಂದವಳು ನಾನು. ನನಗೆ ಜೋಗುಳ ಹಾಡಿದ್ದು, ಎಣ್ಣೆ ಹಚ್ಚಿ ಎರೆಯುವಾಗ ಕಣ್ಣು ಮುಚ್ಚೆಂದು ಗದರಿದ್ದು, ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡಿಸಿದ್ದು, ಯಾವುದೂ ಕನ್ನಡದಲ್ಲಲ್ಲ. ಆದರೆ ನಾನು ಕನ್ನಡ ಶಾಲೆಯಲ್ಲಿ ಓದಿದವಳು, ಕನ್ನಡ ಕಲಿಸಿ ಅನ್ನ ತಿನ್ನುವವಳು, ಲೆಕ್ಕ ಮಾಡುವುದು, ಕನಸು ಕಾಣುವುದು, ದೇವರಲ್ಲಿ ಬೇಡುವುದು ಎಲ್ಲ ಕನ್ನಡದಲ್ಲೇ. ಇದೂ ಸುಳ್ಳಲ್ಲ. ಮರಾಠಿ ಎಂದು ಬರೆಸಿದರೆ ಶಾಲೆಯಲ್ಲಿ ಗೊತ್ತಾದೀತು, ಯಜಮಾನರ ಗೆಳೆಯರಿಗೆ ಗೊತ್ತಾದೀತು ಎಂಬ ಅಂಜಿಕೆಯೂ ಇತ್ತು. ಗಣತಿಯ ಮಾಹಿತಿ ಗುಟ್ಟಾಗಿರುತ್ತದೆ ಎಂದು ನಾನೇ ಊರಿಗೆಲ್ಲ ಸಾರಿ ಬಂದಿದ್ದೆ, ನೋಡಿ!

"ಕನ್ನಡ ಅಂತನೇ ಬರೀರಿ" ಎಂದೆ.

ಆಯಿ ಸುಲಿದ ಕಾಳನ್ನು ಬುಟ್ಟಿಗೆ ಸುರಿದು ಎದ್ದು ಒಳಗೆ ಹೋದಳು. ಆ ರಾತ್ರಿ ಅವರೆಕಾಳಿನ ಉಸಳಿ ಮಾಡಿದ್ದಳು, ಎಂದಿನಂತೆ ರುಚಿಯಾಗಿತ್ತು.

ನನ್ನ ಮಕ್ಕಳೊಡನೆ ನಾನು ಮರಾಠಿ ಆಡಲಿಲ್ಲ. ಬೇಕೆಂದು ಬಿಟ್ಟದ್ದಲ್ಲ ಎಂದು ಹೇಳಬಹುದಿತ್ತು, ಆದರೆ ಬೇಕೆಂದೇ ಬಿಟ್ಟದ್ದು. ಎರಡು ದೋಣಿಯಲ್ಲಿ ಕಾಲಿಟ್ಟು ನನಗಾದದ್ದು ಅವರಿಗೆ ಆಗದಿರಲಿ ಎಂದು. ಅವರಿಗೆ ಸಂತೆಯ ಮರಾಠಿ ಬರುತ್ತಿತ್ತು, ಅಜ್ಜಿಯ ಮರಾಠಿ ಬರುತ್ತಿರಲಿಲ್ಲ. 2003ರ ಚಳಿಗಾಲದಲ್ಲಿ ಆಯಿಗೆ ಲಕ್ವ ಹೊಡೆಯಿತು. ಮಾತು ಮರಳಿ ಬರಲು ಎರಡು ತಿಂಗಳು ಹಿಡಿಯಿತು, ಬಂದಾಗ ಕನ್ನಡ ಬರಲೇ ಇಲ್ಲ. ಅಜ್ಜಿ ಒಲೆಯ ಮುಂದೆ ಕಲಿಸಿದ, ನಲವತ್ತೇಳು ವರ್ಷ ಆಡಿದ ಕನ್ನಡ ಅಳಿಸಿದಂತೆ ಹೋಗಿತ್ತು. ಮರಾಠಿಯಲ್ಲೂ ಸಣ್ಣವಳಿದ್ದಾಗಿನ ಮಾತುಗಳೇ, ಸಂಸ್ಥಾನದ ಕಾಲದವು. ಮಗಳು ಪಕ್ಕ ಕುಳಿತು ಚಮಚದಿಂದ ಗಂಜಿ ಹಾಕುವಳು. ಆಯಿ ಅವಳ ಕೈ ಹಿಡಿದು ಉದ್ದಕ್ಕೆ ಏನೋ ಕಥೆ ಹೇಳುವಳು, ನಡುನಡುವೆ ನಗುವಳು. ಮಗಳು "ಹೋ ಆಜ್ಜೀ, ಹೋ" ಎನ್ನುವಳು. ಆಮೇಲೆ ಹೊರಗೆ ಬಂದು, "ಏನಂದಳು ಅಮ್ಮಾ?" ಎಂದು ನನ್ನನ್ನು ಕೇಳುವಳು.

ನಾನು ಹೇಳುತ್ತಿದ್ದೆ. ನದಿಗೆ ಹೋದದ್ದು, ಸೀರೆ ನೇಯುವವರ ಮನೆಯಲ್ಲಿ ಬಣ್ಣದ ನೀರಿಗೆ ಕೈ ಅದ್ದಿ ಬೈಸಿಕೊಂಡದ್ದು. ಹೇಳುವಾಗ ಕಥೆ ಅರ್ಧವಾಗುತ್ತಿತ್ತು. ಆ ಕೆಲವು ತಿಂಗಳು ನಾನು ದಿನವಿಡೀ ಮರಾಠಿ ಆಡಿದೆ. ಮೊದಮೊದಲು ಪೇಟೆಯ ಮರಾಠಿಯೇ ಬಾಯಿಗೆ ಬರುತ್ತಿತ್ತು, ಗಿರಾಕಿ ಆಡುವಂಥದು. ಒಂದು ಬೆಳಿಗ್ಗೆ ಆಕೆಗೆ ತಲೆ ಎರೆಯುತ್ತ "ಡೋಳೆ ಮಿಟ" ಎಂದು ತಾನಾಗಿ ಬಂತು. ಕಣ್ಣು ಮುಚ್ಚು. ನನ್ನ ದನಿಯಂತೆ ಕೇಳಲಿಲ್ಲ. ಆಯಿ ಕಣ್ಣು ಮುಚ್ಚಿದಳು. ಬಸ್ಸಿನಲ್ಲಿ ಚಿವುಟಿದ ಮಾತನ್ನು ಎತ್ತಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಎತ್ತಲಿಲ್ಲ. ಆಕೆಗೆ ಬಹುಶಃ ಬಸ್ಸೇ ನೆನಪಿರಲಿಲ್ಲ.

ಆಯಿ ತೀರಿಕೊಂಡದ್ದು 2004ರಲ್ಲಿ. ಅದೇ ವರ್ಷ ಮಹಾರಾಷ್ಟ್ರ ಸರಕಾರ ಗಡಿಯ ದಾವೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಇಪ್ಪತ್ತು ವರ್ಷ ಕಳೆದರೂ ಅದು ಮುಗಿಯಲಿಲ್ಲ. ಈ ನಡುವೆ 2012ರಲ್ಲಿ ಇಲ್ಲಿ ಸುವರ್ಣ ವಿಧಾನಸೌಧ ಎದ್ದಿತು, 2014ರ ನವೆಂಬರ್ 1ರಿಂದ ಇಂಗ್ಲಿಷ್ ಬೋರ್ಡುಗಳಲ್ಲಿ ಬೆಳಗಾಂ ಹೋಗಿ ಬೆಳಗಾವಿ ಬಂತು. ನಮಗೆ ಅದು ಎಂದೂ ಬೆಳಗಾವಿಯೇ, ಮಾವನಿಗೆ ಸಾಯುವವರೆಗೂ ಬೇಳಗಾಂವ್. ನನಗೆ ಹೆಸರು ಬದಲಾದದ್ದು ಸಂತೋಷವೇ ಆಯಿತು. ಸಂತೋಷವಾಯಿತೆಂದು ಹೇಳಲು ಹಿಂಜರಿಕೆ ಏಕೆ?

2011ರ ಗಣತಿಗೆ ಬಂದ ಹುಡುಗಿ ಸಣ್ಣ ವಯಸ್ಸಿನವಳು. ಮಾತೃಭಾಷೆ ಎಂದು ಆಕೆ ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಒಳಗಿನಿಂದ "ಕನ್ನಡ, ಎಲ್ಲರದೂ" ಎಂದು ಕೂಗಿದರು. ಆಕೆ ಬರೆದುಕೊಂಡಳು. ಒಬ್ಬೊಬ್ಬರನ್ನೂ ಕೇಳಬೇಕು ಎಂದು ಆಕೆಗೆ ತರಬೇತಿಯಲ್ಲಿ ಹೇಳಿರಲೇಬೇಕು. ನಾನೂ ಹೇಳಬಹುದಿತ್ತು. ಮುಂದಿನ ಕಾಲಂ ತಿಳಿದಿರುವ ಇತರ ಭಾಷೆಗಳದು. ಮರಾಠಿ, ಹಿಂದಿ ಎಂದೆ.

2021ರಲ್ಲಿ ಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡು ಹೊಸ ಗಣತಿ ಎಂದು 2025ರ ಜೂನಿನಲ್ಲಿ ಪ್ರಕಟವಾಯಿತು. ಈ ಸಲ ಎಲ್ಲ ಮೊಬೈಲಿನಲ್ಲಿ, ಬೇಕಾದರೆ ಮನೆಯವರೇ ತುಂಬಬಹುದು ಎಂದು ಪತ್ರಿಕೆಯಲ್ಲಿ ಓದಿದೆ. ಮಗ ಬೆಂಗಳೂರಿನಿಂದ ಫೋನು ಮಾಡಿದಾಗ ಹೇಳಿದೆ. "ನಿಮಗೇನೂ ತ್ರಾಸ ಬೇಡ, ನಾನೇ ಅಲ್ಲಿಗೆ ಬಂದಾಗ ಎಲ್ಲರದೂ ತುಂಬಿಬಿಡ್ತೀನಿ" ಎಂದ.

"ನಿಮ್ಮಪ್ಪಂದು ನೀನು ತುಂಬು. ನಂದು ನಾನು ತುಂಬತೀನಿ" ಎಂದೆ.

"ಯಾಕ?"

"ಸುಮ್ಮನ" ಎಂದು ಫೋನು ಇಟ್ಟೆ.